ಸರಾಸರಿಗೆ ಸಿಗದ ಹನುಮಸಾಗರ

ಸರಾಸರಿ ಎಂಬ ಶಬ್ದ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೊಪ್ಪಳದ ಒಂದು ಸಂಸ್ಥೆಯಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಹಳ್ಳಿ ಶಾಲೆಗಳಲ್ಲಿ ನಾವು ಸಂಜೆ ನಡೆಸುತ್ತಿದ್ದ ಓದಿನ ತರಗತಿಯಿಂದ ಮಕ್ಕಳಿಗೆ ಉಪಯೋಗವಾಯಿತೇ ಎಂದು ಹೇಳಬೇಕಿತ್ತು. ಆಗಿಲ್ಲವೆಂದರೆ ಎಲ್ಲ ಕಡೆ ಬಂದ್.

ಕಂಪ್ಯೂಟರಿನಲ್ಲಿ ರಿಗ್ರೆಷನ್ ಹಾಕಿದೆ. ಪ್ರತಿ ತಾಲ್ಲೂಕಿನೊಳಗೆ ತರಗತಿ ಇದ್ದ ಊರನ್ನು ಇಲ್ಲದ ಊರಿನ ಜೊತೆ ಹೋಲಿಸಿ, ಕೊನೆಗೆ ಒಂದೇ ಅಂಕಿ ಕೊಡುವ ಲೆಕ್ಕ ಅದು. ಬಂದದ್ದು ಹೆಚ್ಚುಕಡಿಮೆ ಸೊನ್ನೆ.

ಸಂಸ್ಥೆ ನಡೆಸುವ ಸಾಹೇಬರು ಹಾಳೆ ನೋಡಿ, “ಮುಗೀತಲ್ರಿ, ಬಂದ್ ಮಾಡೂಣು” ಎಂದರು.

“ಸರ್, ಇದು ಬರೇ ಗಂಗಾವತಿ ತಾಲ್ಲೂಕಿನ ಉತ್ತರ ಐತ್ರಿ.”

“ಯಾಕ? ಕುಷ್ಟಗಿ ಮಕ್ಕಳನ್ನೂ ಹಾಕೀರಲ್ಲ?”

ಹಾಕಿದ್ದೆ ಮಾರಾಯರೇ, ಹಾಕಿದ್ದೆ! ಆದರೆ ಗಂಗಾವತಿ ಕಡೆ ಎಲ್ಲೆಲ್ಲೂ ಟ್ಯೂಷನ್. ಅರ್ಧ ಊರು “ನಮಗ್ಯಾಕ ಬೇಕ್ರಿ” ಎಂದವು, ಇನ್ನರ್ಧ “ಇರ್ಲಿ ಬಿಡ್ರಿ” ಎಂದು ತರಗತಿ ತೆಗೆದುಕೊಂಡವು; ಹೋಲಿಸಲು ಎರಡೂ ಥರದ ಊರು ಸಿಕ್ಕವು. ಟ್ಯೂಷನ್ ಇದ್ದ ಮಕ್ಕಳಿಗೆ ನಮ್ಮ ತರಗತಿಯಿಂದ ಏನು ಹೆಚ್ಚಾದೀತು? ಕುಷ್ಟಗಿ ಕಡೆ ಹಾಗಲ್ಲ. ಒಂದೂರಿಗೆ ತರಗತಿ ಕೊಟ್ಟ ಸುದ್ದಿ ಹಬ್ಬಿದರೆ ಸಾಕು, ಪಕ್ಕದೂರಿನ ಹಿರಿಯರು ಟಂಟಂ ಆಟೋ ಹತ್ತಿ ಬಂದು ಆಫೀಸಿನ ಮುಂದೆ ಕೂತುಬಿಡುತ್ತಿದ್ದರು. “ಅವರೂರಿಗೆ ಕೊಟ್ಟೀರಿ, ನಮ್ಮೂರೇನು ಪಾಪ ಮಾಡೈತ್ರಿ?” ಚಹಾ ಕುಡಿಸಿದರೂ ಏಳುತ್ತಿರಲಿಲ್ಲ. ಕೊನೆಗೆ ಹೆಚ್ಚುಕಡಿಮೆ ಎಲ್ಲ ಊರಿಗೂ ಕೊಟ್ಟೆವು, ಹೋಲಿಸಲು ತರಗತಿಯಿಲ್ಲದ ಊರೇ ಉಳಿಯಲಿಲ್ಲ. ಹೋಲಿಕೆ ಇಲ್ಲದ ಕಡೆಯ ಮಾತಿಗೆ ಈ ಹಾಳು ಲೆಕ್ಕ ಕಿವಿಗೊಡುವುದಿಲ್ಲ. ತೂಕವೆಲ್ಲ ಗಂಗಾವತಿಗೇ ಹೋಯಿತು. ಅದೇ ಕುಷ್ಟಗಿ ಕಡೆಯ ಹನುಮಸಾಗರದಲ್ಲಿ ಅಕ್ಷರ ಕೂಡಿಸಲು ತಡವರಿಸುತ್ತಿದ್ದ ಹುಡುಗಿಯರು ಬಸ್ಸಿನ ಬೋರ್ಡು ಓದಿ ಅವ್ವಂದಿರಿಗೆ ಹೇಳುವುದನ್ನು ನಾನೇ ಕಂಡಿದ್ದೆ.

ಇಷ್ಟನ್ನೂ ಬಾಯಿ ನೋಯುವಂತೆ ಹೇಳಿದೆ. ಸಾಹೇಬರು ಕೇಳಿಸಿಕೊಂಡು, “ಹಂಗಾರ ಈ ವರ್ಷ ಕುಷ್ಟಗಿ ಕಡೆ ಅರ್ಧ ಊರಾಗ ನಿಲ್ಲಸ್ರಿ. ಫರಕ್ ಕಂಡ್ರ ಮುಂದುವರಸೂಣು” ಎಂದರು.

ಲೆಕ್ಕದ ಪ್ರಕಾರ ತಪ್ಪೇನೂ ಇಲ್ಲದ ಮಾತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಚೀಟಿ ಎತ್ತಿದೆವು. ನಿಲ್ಲಿಸುವ ಊರುಗಳಲ್ಲಿ ಹನುಮಸಾಗರವೂ ಬಂತು.

ಅಲ್ಲಿ ಪಾಠ ಹೇಳುವ ಅಕ್ಕೋರಿಗೆ ಸಂಜೆ ನಾನೇ ಫೋನ್ ಮಾಡಿದೆ.

“ನಮ್ಮ ಹುಡುಗ್ಯಾರು ಓದಾಕ ಕಲ್ತಿಲ್ಲೇನ್ರಿ ಸರ್?”

“ಕಲ್ತಾರ್ರಿ ಅಕ್ಕೋರ.”

“ಮತ್ಯಾಕ ನಿಲ್ಲಸ್ತೀರಿ?”

“ಕಲ್ತಾರ ಅಂತ ತೋರಸಾಕ್ರಿ.”

ಅವರು ಫೋನ್ ಇಡಲಿಲ್ಲ. ಅವರ ಹಿಂದೆ ಹುಡುಗಿಯರು ಜೋರಾಗಿ ಪಾಠ ಓದುವುದು ಕೇಳುತ್ತಿತ್ತು.