ಮೂತಿ ಕೆಳಗೆ ಮಾಡಿ ನಿಲ್ಲಿಸಿ

ಮೊನ್ನೆ ಮೂಡುಬಿದಿರೆಯ ಬಸದಿ ಬೀದಿಯಲ್ಲಿ ಬೇರೆ ಡ್ರೈವರುಗಳ ಒಟ್ಟಿಗೆ ಬಾಡಿಗೆಗೆ ಕಾಯುತ್ತಾ ನನ್ನ ಕಾರಿಗೆ ಒರಗಿ ನಿಂತಿದ್ದೆ. ಮೂಗಿಗೆ ಪೆಟ್ರೋಲಿನ ಹೊಗೆ ಹೊಡೆಯಿತು. ತಿರುಗಿ ನೋಡಿದರೆ ಘಟ್ಟದ ಮೇಲಿನ ಕಡೆಯ ಒಂದು ಕಾರು. ಹೆಂಗಸರು ಮಕ್ಕಳು ಇಳಿದು ಬಸದಿಯೊಳಗೆ ಹೋಗಿದ್ದಾರೆ. ಯಜಮಾನರು ಮಾತ್ರ ಸ್ಟೇರಿಂಗ್ ಹಿಡಿದುಕೊಂಡು ಒಳಗೇ ಕುಳಿತಿದ್ದಾರೆ. ಎಂಜಿನ್ ಓಡುತ್ತಲೇ ಇದೆ. ಹೊಗೆಯೆಲ್ಲ ನನ್ನ ಮುಖಕ್ಕೆ.

"ಸ್ವಾಮೀ, ಆಫ್ ಮಾಡಿ. ಸುಮ್ಮನೆ ಎಂತಕ್ಕೆ ಪೆಟ್ರೋಲು ಸುಡ್ತೀರಿ?" ಎಂದೆ.

"ಇರ್ಲಿ ಬಿಡಪ್ಪ. ಎಂಜಿನ್ ಬಿಸಿಯಾಗೇ ಇರ್ಲಿ ಅಂತ."

ಸೆಕೆಗೆ ನಾಯಿಗಳೇ ನೆರಳು ಹುಡುಕುವ ಹೊತ್ತು. ಈ ಮನುಷ್ಯನಿಗೆ ಎಂಜಿನ್ ಬಿಸಿ ಇರಬೇಕಂತೆ.

"ನೀವು ಬಸದಿ ನೋಡುದಿಲ್ವಾ?"

"ಹಿಂದೆ ಒಂದ್ಸಲ ನೋಡಿದ್ದೀನಿ," ಎಂದು ಬೇರೆ ಕಡೆ ನೋಡಿದರು. ಆಮೇಲೆ ಅವರೇ ಮಾತು ತೆಗೆದರು. "ಅಲ್ಲಪ್ಪ, ನಿಮ್ಮ ಈ ಸೀಮೇಲಿ ಗಾಡಿ ಓಡಿಸೋದು ಹೇಗೆ? ಎಲ್ಲಿ ನೋಡಿದ್ರೂ ಏರು, ಇಳಿಜಾರು. ನಿಲ್ಲಿಸೋಕೊಂದು ಮಟ್ಟವಾದ ಜಾಗ ಇಲ್ಲ."

ಗೊತ್ತಿದ್ದಷ್ಟು ಹೇಳಿದೆ. ನಿಮಗೂ ಹೇಳುತ್ತೇನೆ. ನೀವೂ ಒಂದು ದಿನ ಕಾರು ಹಿಡಿದುಕೊಂಡು ಈ ಕಡೆ ಬರುವವರೇ. ನಾನು ಶಾಲೆಯ ಬೆಂಚಿನ ಮೇಲೆ ಹೆಚ್ಚು ದಿನ ಕುಳಿತವನಲ್ಲ, ಚಂದ ಮಾಡಿ ಹೇಳಲು ಬರುವುದಿಲ್ಲ.

ಏರುವ ಗಾಡಿಗೆ ದಾರಿ ಬಿಡಿ. ಇಳಿಯುವವನು ನಿಂತರೆ ಮತ್ತೆ ಇಳಿಯುತ್ತಾನೆ, ಏರುವವನು ನಿಂತರೆ ಹಿಂದೆ ಜಾರುತ್ತಾನೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ತಿರುವಿನಲ್ಲಿ ಹಾರ್ನ್ ಹೊಡೆದರೆ ಸಾಲದು, ಆಚೆಯಿಂದ ಉತ್ತರ ಬರುತ್ತದಾ ಎಂದು ಕಿವಿಗೊಡಿ. ನದಿ ದಾಟುವ ಪಾಣೆಮಂಗಳೂರಿನ ಕಿರಿದಾದ ಸಂಕದ ಮೇಲೆ ಆಚೆ ತುದಿಯಲ್ಲಿ ಬಸ್ಸು ಕಂಡರೆ ಧೈರ್ಯ ತೋರಿಸಬೇಡಿ, ಈಚೆ ನಿಲ್ಲಿ. ಹಲಸಿನ ಮರದ ನೆರಳು ತಂಪು ಹೌದು, ಆದರೆ ಹಣ್ಣು ಬೀಳುವಾಗ ಕೆಳಗೆ ಯಾರ ಕಾರು ಎಂದು ಕೇಳುವುದಿಲ್ಲ. ಮಳೆಗಾಲದಲ್ಲಿ ಬಂಟ್ವಾಳದ ಕೆಳಗಿನ ಪೇಟೆಯಲ್ಲಿ ನಿಲ್ಲಿಸಿದರೆ ನದಿಯನ್ನು ನೋಡಬೇಡಿ, ಅಂಗಡಿಯವರನ್ನು ನೋಡಿ. ಅವರು ಅಕ್ಕಿ ಮುಡಿ ಅಟ್ಟಕ್ಕೆ ಏರಿಸಲು ಹೊರಟರೆ ನೀವು ಕಾರನ್ನು ಗುಡ್ಡೆಗೆ ಏರಿಸಿ.

ಇನ್ನು ನಿಲ್ಲಿಸುವುದು. ಇಳಿಜಾರಿನಲ್ಲಿ ಗೇರಿಗೆ ಹಾಕಿ. ಮುಂದಿನ ಚಕ್ರವನ್ನು ರಸ್ತೆ ಬದಿಯ ಮಣ್ಣಿನ ದರೆಯ ಕಡೆಗೆ ತಿರುಗಿಸಿ, ಜಾರಿದರೂ ಮಣ್ಣಿಗೆ ಮೂತಿ ತಾಗಿ ನಿಲ್ಲುತ್ತದೆ. ಚಕ್ರಕ್ಕೊಂದು ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ಎತ್ತಿ ಬದಿಗಿಡಿ. ಇದು ಮಾತ್ರ ಮರೆಯಬಾರದು. ನಡುರಸ್ತೆಯಲ್ಲಿ ಕಲ್ಲು ಬಿಟ್ಟು ಹೋದವನಿಗೆ ನಮ್ಮೂರಿನ ಡ್ರೈವರುಗಳು ಬೈಯುವ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಇದನ್ನೆಲ್ಲ ನನಗೆ ಕಲಿಸಿದವರು ನನ್ನ ಅಮ್ಮನ ಅಣ್ಣ, ದೂಮಣ್ಣ ಮಾವ. ಬಂಟ್ವಾಳದಲ್ಲಿ ಅವರದೊಂದು ಕಪ್ಪು ಬಾಡಿಗೆ ಕಾರು ಇತ್ತು. ಹೆರಿಗೆಗೆ, ಕೋರ್ಟಿಗೆ, ಮದುವೆಗೆ, ಯಾವುದಕ್ಕೂ ಜನ ಅವರನ್ನೇ ಕರೆಯುತ್ತಿದ್ದರು. ಅವರದೊಂದು ಚಾಳಿ. ಮಟ್ಟವಾದ ಜಾಗದಲ್ಲಿ ಕಾರು ನಿಲ್ಲಿಸುವವರೇ ಅಲ್ಲ. ಪೇಟೆಯಲ್ಲಿ ಅಷ್ಟಗಲ ಜಾಗ ಬಿದ್ದಿದ್ದರೂ ಎಲ್ಲೋ ದೂರದ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಕಲ್ಲು ಕೊಟ್ಟು, ಬಿಸಿಲಲ್ಲಿ ನಡೆದು ಬರುತ್ತಿದ್ದರು. ಕೇಳಿದವರಿಗೆ, "ಗಾಡಿಗೆ ಗಾಳಿ ತಾಗ್ಬೇಕು ಮಾರಾಯ" ಎನ್ನುತ್ತಿದ್ದರು. ದೂಮಣ್ಣನಿಗೆ ಕಾರಿನ ಮೇಲೆ ಎಂಥ ಪ್ರೀತಿ ಎಂದು ಜನ ನಂಬಿದ್ದರು.

ನಿಜ ನನಗೆ ಮತ್ತು ಮಾವನಿಗೆ ಮಾತ್ರ ಗೊತ್ತಿತ್ತು. ಕಾರಿನ ಎಂಜಿನ್ ಎಬ್ಬಿಸುವ ಸೆಲ್ಫ್ ಸತ್ತುಹೋಗಿತ್ತು. ಸಾಮಾನು ಮದ್ರಾಸಿನಿಂದ ಬರಬೇಕು, ಬರುತ್ತಲೇ ಇತ್ತು. ಹ್ಯಾಂಡಲ್ ಹಾಕಿ ತಿರುಗಿಸೋಣ ಎಂದರೆ ಅದರ ತುದಿ ಸವೆದು ಹಿಡಿಯುತ್ತಿರಲಿಲ್ಲ. ಇಳಿಜಾರಿನಲ್ಲಿ ಉರುಳಿಸಿ ಗೇರಿಗೆ ಹಾಕಿದರೆ ಮಾತ್ರ ಕೆಮ್ಮಿ ಏಳುತ್ತಿತ್ತು. "ಹೊರಡದ ಕಾರು ಅಂತ ಗೊತ್ತಾದ್ರೆ ಹೆರಿಗೆಗೆ ಯಾರು ಕರೀತಾರೆ? ಬಾಯಿ ಬಿಟ್ಟೀಯಾ ಜಾಗ್ರತೆ!" ಎಂದು ಮಾವ ಹೇಳಿಟ್ಟಿದ್ದರು.

ಹೀಗಿರುವಾಗ ನನಗೆ ಹೆಣ್ಣು ನೋಡಲು ಬೆಳ್ತಂಗಡಿಯ ಕಡೆಗೆ ಹೊರಟೆವು. ಅಮ್ಮ, ಚಿಕ್ಕಮ್ಮ, ನಾನು, ಮಾವ. ನಮ್ಮ ಕಡೆ ಇಂಥ ಮಾತುಕತೆಯಲ್ಲಿ ಅಪ್ಪಂದಿರು ಪಕ್ಕದಲ್ಲಿ ಕುಳಿತು ಎಲೆಯಡಿಕೆ ಹಾಕುತ್ತಾರೆ. ಮಾತಾಡುವವರು ಸೋದರಮಾವಂದಿರು. ಅವರು ಆಯ್ತು ಎಂದರೆ ಆಯ್ತು, ಇಲ್ಲ ಎಂದರೆ ಎದ್ದು ಬರುವುದು. ಅದಕ್ಕೆ ಮೊದಲು ನನ್ನನ್ನು ಒಂದೆರಡು ಮನೆಯವರು ಬೇಡ ಎಂದಿದ್ದರು. ಹುಡುಗನಿಗೆ ಓದಿಲ್ಲ, ಮಾತು ಒರಟು ಎಂದು. ಸುಳ್ಳೇನಲ್ಲ. ಆದರೂ ಇದೂ ತಪ್ಪಿದರೆ ಅಮ್ಮ ಇನ್ನು ಯಾರ ಮುಖವನ್ನೂ ನೋಡುವುದಿಲ್ಲ ಎಂದು ಶಪಥ ಮಾಡಿದ್ದರು.

ಹುಡುಗಿಯ ಮನೆ ರಸ್ತೆಯಿಂದ ಕೆಳಗೆ, ತಗ್ಗಿನಲ್ಲಿ. ಮಾವ ಮೇಲೆ ರಸ್ತೆಯಲ್ಲೇ ಮೂತಿ ಕೆಳಗೆ ಮಾಡಿ ಕಾರು ನಿಲ್ಲಿಸಿದರು. ನಾನು ಕಲ್ಲು ಕೊಟ್ಟೆ. ಅಷ್ಟರಲ್ಲಿ ಹುಡುಗಿಯ ಸೋದರಮಾವ ಸಂಕಪ್ಪಣ್ಣ ಓಡಿ ಬಂದರು. ದೊಡ್ಡ ಮೀಸೆ, ದೊಡ್ಡ ನಗು.

"ಇಲ್ಲಿ ಎಂತಕ್ಕೆ ನಿಲ್ಲಿಸಿದ್ದು ದೂಮಣ್ಣ? ಅಂಗಳಕ್ಕೆ ಇಳಿಸಿ, ದಾರಿ ಉಂಟು."

ನೋಡಿದರೆ ಹೌದು, ದಾರಿ ಉಂಟು. ಕೆಂಪು ದರೆಯನ್ನು ಹೊಸದಾಗಿ ಕಡಿದಿದ್ದಾರೆ. ಮಣ್ಣು ಇನ್ನೂ ಹಸಿ. ಪಿಕಾಸಿಯ ಗೀರುಗಳು ಕಾಣುತ್ತಿವೆ. ನಮ್ಮ ಕಾರು ಅಂಗಳಕ್ಕೆ ಬರಬೇಕೆಂದು ಆ ಮನೆಯವರು, ನೆರೆಯವರು ಸೇರಿ ಗುಡ್ಡೆ ಅಗೆದಿದ್ದರು. ಸಂಕಪ್ಪಣ್ಣನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು.

"ಬೇಡ ಬೇಡ. ಸಾರಿಸಿದ ಅಂಗಳ ಹಾಳಾಗ್ತದೆ," ಎಂದರು ಮಾವ.

"ಹಾಳಾಗ್ಲಿಕ್ಕೇ ಸಾರಿಸಿದ್ದು. ಇಳಿಸಿ ಮಾರಾಯ್ರೆ."

"ಇಲ್ಲಿ ಗಾಳಿ ಉಂಟು. ಗಾಡಿಗೆ ಗಾಳಿ ತಾಗ್ಲಿ."

ಸಂಕಪ್ಪಣ್ಣನ ನಗು ನಿಂತಿತು. ಹಿಂದೆ ನಿಂತಿದ್ದ ನೆರೆಯವರು ಒಬ್ಬರ ಮುಖ ಒಬ್ಬರು ನೋಡಿದರು. "ನಮ್ಮ ಅಂಗಳದಲ್ಲಿ ಗಾಳಿ ಇಲ್ವಾ?" ಎಂದರು ಸಂಕಪ್ಪಣ್ಣ, ಮೆಲ್ಲಗೆ. "ಮನೆ ಮೇಲಿಂದಲೇ ನೋಡಿ ಹೋಗುವ ಅಂತ ಬಂದದ್ದಾದ್ರೆ ಹೇಳಿ. ನಮಗೂ ಬೇರೆ ಕೆಲಸ ಉಂಟು."

ಅಮ್ಮ ಮಾವನ ತೋಳು ಹಿಡಿದರು. "ಅಣ್ಣಾ, ಒಂದು ಇಳಿಸು ಮಾರಾಯ. ಇದೆಂತ ಹಟ ನಿಂದು?" ಅಮ್ಮನಿಗೆ ಸೆಲ್ಫಿನ ವಿಷಯ ಗೊತ್ತಿಲ್ಲ. ಗೊತ್ತಿರುವ ನಾನು ಬಾಯಿ ಬಿಡುವ ಹಾಗಿಲ್ಲ. ಮಾವ ನನ್ನ ಮುಖ ನೋಡಿದರು, ಕೆಳಗೆ ಅಂಗಳ ನೋಡಿದರು. ಅಂಗಳ ಅಂಗೈಯಷ್ಟು. ನೂಕಿ ಎಬ್ಬಿಸೋಣ ಎಂದರೆ ಎರಡು ಮಾರು ಹೋಗುವಷ್ಟರಲ್ಲಿ ತುಳಸಿಕಟ್ಟೆ. ಅಲ್ಲಿಗೆ ಇಳಿದ ಮೇಲೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತು. ಇಷ್ಟು ಕಾಲ ಬಿಸಿಲಲ್ಲಿ ನಡೆದು ನಡೆದು ಕಾಪಾಡಿಕೊಂಡು ಬಂದ ಮರ್ಯಾದೆ.

"ಕಲ್ಲು ತೆಗಿ," ಎಂದರು ನನಗೆ.

ಕಾರು ಇಳಿಯಿತು. ಅಂಗಳದಲ್ಲಿ ನಿಂತಿತು. ಬೆಲ್ಲ ನೀರು ಬಂತು, ಮಾತುಕತೆ ಆಯಿತು, ಊಟವೂ ಆಯಿತು. ಸಂಕಪ್ಪಣ್ಣನ ನಗು ತಿರುಗಿ ಬಂದಿತ್ತು. ಹುಡುಗಿ ಸುಶೀಲ ತಟ್ಟೆ ಹಿಡಿದುಕೊಂಡು ಬಂದಳು, ತಲೆ ತಗ್ಗಿಸಿಕೊಂಡೇ ಒಳಗೆ ಹೋದಳು. ನಾನು ನೋಡಿದ್ದು ಅವಳ ಬೈತಲೆ ಮಾತ್ರ. ಮಾವನಿಗೆ ಅನ್ನ ಸೇರಲಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದರು, ಕಣ್ಣು ಅಂಗಳದ ಕಡೆಗೆ. ಒಪ್ಪಿಗೆಯೋ ಅಲ್ಲವೋ ಎನ್ನುವ ಮಾತು ಅವರ ಬಾಯಿಂದ ಬರಲೇ ಇಲ್ಲ. ಆ ಮನೆಯವರು ಅದಕ್ಕೇ ಕಾಯುತ್ತಿದ್ದರು.

ಹೊರಡುವ ಹೊತ್ತು ಬಂತು. ಮಾವ ಕುಳಿತು ಸೆಲ್ಫ್ ಒತ್ತಿದರು. ಸತ್ತದ್ದು ಏಳುತ್ತದಾ? ಟಕ್ ಎಂದಿತು. ಮತ್ತೆ ಒತ್ತಿದರು. ಟಕ್. ಚಾವಡಿಯಲ್ಲಿ ಎಲ್ಲರೂ ಎದ್ದು ನಿಂತಿದ್ದಾರೆ. ಎಲ್ಲೋ ಒಂದು ಕರು ಕೂಗಿತು. ಮಾವನ ಕಿವಿ ಕೆಂಪಾಗಿತ್ತು.

ಸಂಕಪ್ಪಣ್ಣ ಹತ್ತಿರ ಬಂದು ಕಿಟಕಿಗೆ ಬಾಗಿದರು. "ದೂಮಣ್ಣ, ಇದಕ್ಕಾ ಮೇಲೆ ನಿಲ್ಲಿಸಿದ್ದು?"

ಮಾವ ಸ್ಟೇರಿಂಗ್ ನೋಡುತ್ತಾ, "ಹೌದು ಮಾರಾಯ," ಎಂದರು.

"ಅದನ್ನು ಹೇಳ್ಲಿಕ್ಕೆ ಎಂತ? ನಾನು ಎಂತೆಂತದೋ ಗ್ರಹಿಸಿದೆನಲ್ಲ!" ಅಷ್ಟೇ. ನಗಲಿಲ್ಲ. ಪಂಚೆ ಎತ್ತಿ ಕಟ್ಟಿ, ಗದ್ದೆಯ ಕಡೆಗೆ ಕೂ ಹಾಕಿದರು. ದಾರಿ ಕಡಿದ ನೆರೆಯವರೇ ಮತ್ತೆ ಬಂದರು. ಬಾವಿಯ ಹಗ್ಗ ಬಿಚ್ಚಿ ಹಿಂದಿನ ಬಂಪರಿಗೆ ಕಟ್ಟಿದರು. ಅರ್ಧ ಜನ ಮೇಲಿನಿಂದ ಎಳೆಯುವುದು, ಅರ್ಧ ಜನ ಮುಂದಿನಿಂದ ನೂಕುವುದು. ನಾನು ಬಾನೆಟ್ಟಿಗೆ ಹೆಗಲು ಕೊಟ್ಟೆ. ಹೆಣ್ಣು ನೋಡಲೆಂದು ಇಸ್ತ್ರಿ ಹಾಕಿದ ಅಂಗಿ ಬೆನ್ನಿನಲ್ಲಿ ಪರ್ರನೆ ಹರಿಯಿತು.

ಸ್ವಲ್ಪ ಹೋಗುವುದು, ಉಸಿರು ಕಟ್ಟಿ ನಿಲ್ಲುವುದು. ನಿಂತಾಗ ಕಾರು ನಮ್ಮ ಎದೆಯ ಮೇಲೆಯೇ ಬರುತ್ತಿತ್ತು. "ಕಲ್ಲು! ಕಲ್ಲು ಯಾರಾದರೂ!" ಎಂದು ನಾನು ಕಿರುಚಿದೆ. ತಟಕ್ಕನೆ ಚಕ್ರದ ಕೆಳಗೆ ಒಂದು ಕಲ್ಲು ಬಂದು ಕುಳಿತಿತು. ಬಾಗಿ ನೋಡಿದರೆ ಸುಶೀಲ. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಕೈಯೆಲ್ಲ ಕೆಂಪು ಮಣ್ಣು. ನಾವು ನೂಕಿದಾಗೆಲ್ಲ ಕಲ್ಲು ಎತ್ತಿಕೊಂಡು ಬರುವುದು, ನಿಂತಾಗ ಕೊಡುವುದು. ಈಗ ಮುಖ ಸರಿಯಾಗಿ ಕಂಡಿತು. ಅವಳೂ ನನ್ನನ್ನು ನೋಡಿದಳು, ಹರಿದ ಅಂಗಿಯನ್ನೂ ನೋಡಿದಳು.

"ಇದಕ್ಕೆ ಬ್ರೇಕಾದರೂ ಉಂಟಾ?" ಎಂದಳು.

"ಅರ್ಧ ಉಂಟು," ಎಂದೆ.

ನಾವಿಬ್ಬರು ಆಡಿದ ಮೊದಲ ಮಾತು ಅದು. ಇದಕ್ಕಿಂತ ಚಂದದ್ದು ಬೇಕಾದವರು ಬೇರೆ ಕಡೆ ಓದಿಕೊಳ್ಳಿ.

ರಸ್ತೆಗೆ ಹತ್ತಿಸಿದೆವು. ಮೂತಿ ಕೆಳಗೆ ಮಾಡಿದೆವು. ಅಮ್ಮ, ಚಿಕ್ಕಮ್ಮ ಹತ್ತಿದರು. ಒಂದೇ ನೂಕು, ಕಾರು ಉರುಳಿತು, ಕೆಮ್ಮಿತು, ಎದ್ದಿತು. ಎದ್ದ ಮೇಲೆ ಮಾವ ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಮತ್ತೆ ಸಾಯುತ್ತದೆ ಎಂದು ಭಯ. ನಾನು ಹಿಂದಿನಿಂದ ಓಡುತ್ತಿದ್ದೇನೆ. ಸಂಕಪ್ಪಣ್ಣ ನನ್ನ ಪಕ್ಕದಲ್ಲೇ ಓಡುತ್ತಿದ್ದಾರೆ. "ದೂಮಣ್ಣಾ! ವಿಷಯ ಎಂತ ಆಯ್ತು? ಹೇಳಿ ಹೋಗಿ ಮಾರಾಯ್ರೆ!"

ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಹಿಂದೆ ನೋಡಿದರು. ಸುಶೀಲ ಆಗ ನಡುರಸ್ತೆಯಲ್ಲಿ ಬಿದ್ದಿದ್ದ ಕಲ್ಲನ್ನು ಎತ್ತಿ ದರೆಯ ಬದಿಗೆ ಇಡುತ್ತಿದ್ದಳು. ಯಾರೂ ಹೇಳಿರಲಿಲ್ಲ.

"ಒಪ್ಪಿಗೆ!" ಎಂದು ಮಾವ ಕೂಗಿದರು. "ನಮಗೆ ಒಪ್ಪಿಗೆ!"

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಉಸಿರಿರಲಿಲ್ಲ. ನಾನು ಬಾಗಿಲು ಹಿಡಿದು ಹಾರುವಾಗ ಹಿಂದೆ ಸಂಕಪ್ಪಣ್ಣ ಸುಶೀಲಳನ್ನು ಕೇಳುವುದು ಕೇಳಿಸಿತು, "ನೀನು ಎಂತ ಹೇಳ್ತಿ ಮಗಾ?" ಅವಳ ಉತ್ತರ ಎಂಜಿನ್ ಸದ್ದಿನಲ್ಲಿ ಹೋಯಿತು. ಮದುವೆಯಾದ ಮೇಲೆ ಕೇಳಿದೆ. "ಮೊದಲು ಸೆಲ್ಫ್ ಸರಿ ಮಾಡಿಸ್ಲಿ" ಎಂದಿದ್ದಳಂತೆ. ಇವತ್ತಿಗೂ ನನ್ನ ಯಾವ ಮಾತಿಗೂ ಅವಳ ಉತ್ತರ ಸುಮಾರು ಅದೇ ಧಾಟಿಯದ್ದು.

ಗುರುವಾಯನಕೆರೆ ದಾಟಿದ ಮೇಲೆ ಮಾವ ಹೇಳಿದರು, "ಅಲ್ಲ ಮಾರಾಯ, ಇಷ್ಟು ಕಾಲ ನಾನು ಎಷ್ಟು ನಡೆದೆ!" ಆ ಮೇಲೆ ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಬಾಡಿಗೆ ತಪ್ಪುತ್ತದೆ ಎಂದು ಹೆದರಿದ್ದೇ ಸುಳ್ಳಾಯಿತು. ದೂಮಣ್ಣನ ಕಾರು ಎಂದರೆ ಜನ ನೂಕಲು ತಯಾರಾಗಿಯೇ ಬರುತ್ತಿದ್ದರು. ಈಗ ಮೊಣಕಾಲು ನೋವಿನಿಂದ ಕಾರು ಓಡಿಸುವುದನ್ನೇ ನಿಲ್ಲಿಸಿದ್ದಾರೆ. ಮನೆಯ ಅಂಗಳದಲ್ಲಿ ಕುರ್ಚಿ ಹಾಕುವಾಗಲೂ ಸ್ವಲ್ಪ ಇಳಿಜಾರು ನೋಡಿ ಹಾಕುತ್ತಾರೆ ಎಂದು ಸುಶೀಲ ತಮಾಷೆ ಮಾಡುತ್ತಾಳೆ.

ಇಷ್ಟೆಲ್ಲ ನೆನಪಾಗುವಷ್ಟು ಹೊತ್ತು ಆ ಘಟ್ಟದ ಮೇಲಿನವರು ಹೊಗೆ ಬಿಡುತ್ತಲೇ ಇದ್ದರು. ಬಸದಿಯ ಕಡೆಯಿಂದ ಅವರ ಮಗಳು ಓಡಿ ಬಂದಳು.

"ಅಪ್ಪಾ, ಬನ್ನಿ ಅಪ್ಪಾ! ಎಷ್ಟೊಂದು ಕಂಬ, ಒಂದರ ಥರ ಇನ್ನೊಂದಿಲ್ಲ! ನೀವೇ ಅಲ್ವಾ ನೋಡ್ಬೇಕು ಅಂತ ಹೇಳ್ತಾ ಇದ್ದಿದ್ದು?"

"ನೀವು ನೋಡ್ಕೊಂಡು ಬನ್ನಿ ಪುಟ್ಟಿ. ನನಗೆ ಕಾಲು ನೋವು," ಎಂದರು ಅವರು. ನನ್ನ ಕಡೆ ನೋಡಲಿಲ್ಲ. ಅವರ ಕಿವಿ ಕೆಂಪಾಗಿತ್ತು.

ನಾನು ಕಿಟಕಿಗೆ ಬಾಗಿದೆ. "ಸ್ವಾಮೀ, ಸೆಲ್ಫ್ ಹೋಗಿದೆಯಾ?"

ಮಗಳಿಗೆ ಕೇಳಿಸದ ಹಾಗೆ ಅವರು ದನಿ ತಗ್ಗಿಸಿದರು. "ಹಾಸನ ಬಿಟ್ಟಾಗಿನಿಂದ," ಎಂದರು. "ಎಲ್ಲೂ ಆಫ್ ಮಾಡಿಲ್ಲಪ್ಪ. ಮನೆಯವ್ರಿಗೂ ಹೇಳಿಲ್ಲ."

"ಮುಂದೆ ಆ ಮಾವಿನ ಮರದ ಹತ್ತಿರ ಇಳಿಜಾರು ಉಂಟು. ಅಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸುವ. ನೀವು ಮಗಳ ಒಟ್ಟಿಗೆ ಹೋಗಿ ಕಂಬ ನೋಡಿ ಬನ್ನಿ. ಏಳದಿದ್ರೆ ನೂಕ್ಲಿಕ್ಕೆ ನಾವು ಇಷ್ಟು ಜನ ಇದ್ದೇವಲ್ಲ."

ಮರದ ಹತ್ತಿರ ತಂದು ನಿಲ್ಲಿಸಿದರು. ಕೀಲಿಕೈಯ ಮೇಲೆ ಅವರ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ತಿರುಗಿಸಿದರು. ಎಂಜಿನ್ ನಿಂತಿತು. ಬೀದಿಯಲ್ಲಿ ಒಮ್ಮೆಲೇ ಎಷ್ಟು ಮೌನ! ಮಗಳು ಅವರ ಕೈ ಹಿಡಿದು ಎಳೆದುಕೊಂಡು ಹೋದಳು. ಕಾಲು ನೋವಿನವರು ಓಡುತ್ತಲೇ ಹೋದರು.

ನಾನು ಒಂದು ಒಳ್ಳೆಯ ಕಲ್ಲು ಹುಡುಕಲು ಹೊರಟೆ.