ಏರಿದ ವೋಲ್ಟೇಜ್

ಬೆಳಿಗ್ಗೆಯಿಂದ ಸಂಜೆಯವರೆಗೆ ಕುದ್ರೋಳಿಯಲ್ಲಿ ಕರೆಂಟ್ ಇಲ್ಲವೆಂದು ಪೇಪರಿನಲ್ಲಿ ಬಂದಿತ್ತು. ಬುಟ್ಟಿ ಹೊತ್ತು ಮೀನು ಮಾರಿ ನಮ್ಮನ್ನು ಸಾಕಿದ ಅಮ್ಮನ ಉಸಿರು ಈಗ ಆಕ್ಸಿಜನ್ ಮೆಷಿನ್ನಿನ ಮೇಲೆ. ಕರೆಂಟ್ ಹೋದರೆ ಆ ಮೆಷಿನ್ ಟೆರೇಸಿನ ಸೋಲಾರ್ ಬ್ಯಾಟರಿಗಳ ಮೇಲೆ. ತುಂಬಿಸಲು ಕೊಟ್ಟ ಆಕ್ಸಿಜನ್ ಸಿಲಿಂಡರ್ ಇನ್ನೂ ಬಂದಿರಲಿಲ್ಲ. ಫಳ್ನೀರಿನ ಆಸ್ಪತ್ರೆಗೆ ಹೋಗೋಣವೆಂದರೆ ಅಮ್ಮ ಕೇಳಬೇಕಲ್ಲ.

"ಫಳ್ನೀರಿಗೆ ಹೋಗಿ ಮಲಗ್ಲಿಕ್ಕೆ ನನಗೆ ಎಂತ ಆಗಿದೆ ಮಾರಾಯ್ತಿ? ಬ್ಯಾಟರಿ ಉಂಟಲ್ಲ."

ಉಂಟು, ಸರಿ. ಆದರೆ ಕರೆಂಟ್ ಹೋದ ಮೇಲೆ ಅದಕ್ಕೆ ಬಿಸಿಲೇ ಗತಿ, ಅವತ್ತು ನೋಡಿದರೆ ಕಪ್ಪು ಮೋಡ. ಟೆರೇಸಿಗೆ ಹತ್ತಿ ಮೀಟರ್ ಹಿಡಿದರೆ ವೋಲ್ಟೇಜ್ ಚೆನ್ನಾಗಿಯೇ ಇತ್ತು. ಅದನ್ನು ನಂಬಿದರೆ ಕೆಟ್ಟ ಹಾಗೆಯೇ. ಭಾರ ಬೀಳುವವರೆಗೆ ಸೋತ ಬ್ಯಾಟರಿಯೂ ಗತ್ತಿನಲ್ಲೇ ಇರುತ್ತದೆ. ಅಮ್ಮ ಮೀನಿನ ಕಿವಿರು ಎತ್ತಿ ನೋಡುವ ಹಾಗೆ ಸೆಲ್ಲುಗಳ ಮುಚ್ಚಳ ಒಂದೊಂದಾಗಿ ತೆಗೆದು, ಗಾಜಿನ ಕೊಳವೆಗೆ ಆಸಿಡ್ ಎಳೆದು ನೋಡಿದೆ. ಕೊಳವೆಯೊಳಗಿನ ತೇಲುಬುರುಡೆ ಉಳಿದ ಕಡೆಯೆಲ್ಲ ಹಸಿರು ಗೆರೆಯಲ್ಲಿ ನಿಂತಿತು, ಒಂದು ಸೆಲ್ಲಿನಲ್ಲಿ ಮಾತ್ರ ಕೆಂಪಿನವರೆಗೆ ಮುಳುಗಿತು. ಒಂದು ಸೆಲ್ ಕೈಕೊಟ್ಟರೆ ಇಡೀ ಸಾಲು ಕೈಕೊಡುತ್ತದೆ.

ಕೆಳಗೆ ಬಂದು ಫ್ಯಾನ್, ಟಿವಿ ಆಫ್ ಮಾಡಿ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಅಮ್ಮನ ಮುಖ ಸಣ್ಣದಾಯಿತು.

"ಒಳಗೆ ಅಂಜಲ್ ಉಂಟು."

ಬೋಟುಗಳು ಕಡಲಿಗಿಳಿಯದ ಮಳೆಗಾಲದಲ್ಲಿ ಕಾಡಿಬೇಡಿ ತರಿಸಿಕೊಂಡ ಮೀನು.

"ಅಂಜಲ್ ಸಾಯಲಿ," ಎಂದೆ.

"ಅದು ಸತ್ತಾಗಿದೆ ಮಾರಾಯ್ತಿ."

ಕರೆಂಟ್ ಹೋಯಿತು. ನಾನು ಟೆರೇಸಿನಲ್ಲಿ ಮೀಟರ್ ಹಿಡಿದು ಕೂತೆ. ವೋಲ್ಟೇಜ್ ಇಳಿಯುತ್ತಲೇ ಇತ್ತು. ಸಿಲಿಂಡರ್ ಅಂಗಡಿಗೆ ಫೋನ್ ಮಾಡಿದರೆ "ದಾರಿಯಲ್ಲಿ ಉಂಟು ಅಕ್ಕ" ಎಂಬ ಅದೇ ರಾಗ. ಅಷ್ಟರಲ್ಲಿ ಅಂಕಿ ಏರಿತು. ಅಬ್ಬ, ಬದುಕಿದೆವು ಎಂದುಕೊಂಡು ಆಕಾಶ ನೋಡಿದೆ. ಮೋಡ ಹಾಗೆಯೇ ಇತ್ತು. ಬಿಸಿಲಿಲ್ಲದೆ ವೋಲ್ಟೇಜ್ ಏರಬೇಕಾದರೆ ಕೆಳಗೆ ಏನೋ ನಿಂತಿರಬೇಕು. ಕೆಳಗೆ ಓಡುತ್ತಿದ್ದದ್ದು ಅಮ್ಮನ ಮೆಷಿನ್ ಒಂದೇ.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ಅಮ್ಮ ಮೆಷಿನ್ ಆಫ್ ಮಾಡಿ, ಫ್ರಿಜ್ಜಿನ ಪ್ಲಗ್ ಹಾಕಿ, ಗೋಡೆ ಹಿಡಿದು ನಿಂತಿದ್ದಳು. ತುಟಿ ನೀಲಿಯಾಗಿತ್ತು. ಕೂರಿಸಿ, ಮೂಗಿಗೆ ಕೊಳವೆ ಇಟ್ಟು, ಮೆಷಿನ್ ಹಾಕಿ, ಫ್ರಿಜ್ಜಿನ ಪ್ಲಗ್ ಕಿತ್ತೆಸೆದೆ. ಸಿಟ್ಟೂ ಅಳುವೂ ಒಟ್ಟಿಗೆ ಬಂದವು. ಬಾಯಿಗೆ ಬಂದಂತೆ ಬೈದೆ.

ಮಾತಾಡುವಷ್ಟು ಉಸಿರು ಬಂದ ಮೇಲೆ ಅವಳು ಹೇಳಿದಳು, "ನಾನು ಸ್ವಲ್ಪ ಹೊತ್ತು ಕಾಯ್ತೇನೆ ಮಗಾ. ಮೀನು ಕಾಯುದಿಲ್ಲ."

ಸಿಲಿಂಡರ್ ಬರುವವರೆಗೆ ನಾನು ಮೆಷಿನ್ನಿನ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಕೂತೆ. ಮೀನಿನ ವಿಷಯದಲ್ಲಿ ಅವಳನ್ನು ನಂಬುವ ಹಾಗಿಲ್ಲ.