ಅತ್ತೆಯ ಹಾಡಿಗೆ ಪ್ರಶಸ್ತಿ ಬಂದ ಸಂಜೆ

ಆ ಕಾಲಕ್ಕೆ ನಮ್ಮ ಸಾದಲಿಯಲ್ಲಿ ಬಹುಮಾನ ಅಂದರೆ ಶಾಲೆಯ ಓಟದಲ್ಲಿ ಗೆದ್ದವರಿಗೆ ಕೊಡುತ್ತಿದ್ದ ಸ್ಟೀಲ್ ಲೋಟ. ದೇಶದ ಹಾಡುಗಾರರಿಗೆಲ್ಲ ವರ್ಷಕ್ಕೊಮ್ಮೆ ಮುಂಬೈಯಲ್ಲಿ ಪ್ರಶಸ್ತಿ ಕೊಡುತ್ತಾರೆ, ಅದನ್ನು ಟಿವಿಯಲ್ಲೂ ತೋರಿಸುತ್ತಾರೆ ಅಂತ ನನಗೆ ಗೊತ್ತಾದದ್ದೇ ಐದನೇ ಕ್ಲಾಸಿನಲ್ಲಿ. ಅದೂ ಆ ಸಲ ನಮ್ಮತ್ತೆಯ ಹಾಡು ಅಲ್ಲಿಗೆ ಹೋಗಿದ್ದರಿಂದ.

ಅತ್ತೆ ಎಂದರೆ ಅಪ್ಪನ ಅಕ್ಕ, ಮುನಿಲಕ್ಷ್ಮಮ್ಮ. ಊರ ಭಜನೆಯಲ್ಲಿ ತೆಲುಗು, ಕನ್ನಡ ಎರಡನ್ನೂ ಹಾಡುತ್ತಿದ್ದಳು. ಕೈವಾರ ಕ್ಷೇತ್ರದಲ್ಲಿ ಇವರ ತಂಡದ ಭಜನೆ ಕೇಳಿದ ಸಂಗೀತ ನಿರ್ದೇಶಕರೊಬ್ಬರು ಅತ್ತೆಯೂ ಸೇರಿ ಆರು ಜನ ಹೆಂಗಸರನ್ನು ಬೆಂಗಳೂರಿಗೆ ಕರೆಸಿ, ಒಂದು ಸಿನಿಮಾ ಹಾಡಿಗೆ ಹಿಂದಿನಿಂದ ದನಿಗೂಡಿಸಲು ಹಚ್ಚಿದ್ದರು. ಮುಂದೆ ನಿಂತು ಹಾಡಿದವರು ದೊಡ್ಡ ಗಾಯಕಿ. ಆದರೂ ನನ್ನ ಪಾಲಿಗೆ ಅದು ಪೂರ್ತಿ ಅತ್ತೆಯ ಹಾಡೇ. "ಭಾನುವಾರ ನಮ್ಮತ್ತೆ ಹೆಸರು ಟಿವೀಲಿ ಹೇಳ್ತಾರೆ" ಎಂದು ಶಾಲೆಯಲ್ಲೆಲ್ಲ ಡಂಗುರ ಸಾರಿದ್ದೆ. ಅತ್ತೆ "ಸುಮ್ನಿರೇ" ಎಂದು ಗದರುತ್ತಿದ್ದಳು. ಆಸೆ ಅವಳಿಗೂ ಇತ್ತು. ಶನಿವಾರ ತಾನೇ ಮಾಳಿಗೆ ಹತ್ತಿ ಆಂಟೆನಾ ತಿರುಗಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಭಾನುವಾರ ಬೆಳಿಗ್ಗೆ ನೋಡಿದರೆ ರೇಷ್ಮೆ ಹುಳ ಹಣ್ಣಾಗಿಬಿಟ್ಟಿದೆ! ಸೊಪ್ಪು ತಿನ್ನುವುದು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ತಲೆಯೆತ್ತಿದ ಹುಳ ಯಾರ ಮಾತೂ ಕೇಳುವುದಿಲ್ಲ. ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಹುಳ ಸಾಕುವ ತಟ್ಟೆಯ ಕಸದಲ್ಲೇ ನೂಲು ಸುತ್ತಿಕೊಂಡು ಬೆಳೆ ಹಾಳು. ಮನೆಯವರೆಲ್ಲ ಹುಳದ ಮನೆ ಸೇರಿದರು. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆಯ ಮಧ್ಯೆ ಕೈಗಳು ಆಡುತ್ತಲೇ ಇದ್ದವು. ಮಧ್ಯಾಹ್ನದ ಮುದ್ದೆಯನ್ನೂ ಬಾಗಿಲಾಚೆ ನಿಂತೇ ನುಂಗಿದರು.

ಸಂಜೆಯ ಕಾರ್ಯಕ್ರಮಕ್ಕೆಂದು ನಾನು ಮುಖಕ್ಕೆ ಪೌಡರ್ ಬಳಿದುಕೊಂಡು ಮಲ್ಲಿಗೆ ಮುಡಿದೆ. ಟಿವಿಯವರೂ ನನ್ನನ್ನು ನೋಡುತ್ತಾರೆ ಅಂದುಕೊಂಡಿದ್ದೆನೋ ಏನೋ! ಹುಳದ ಮನೆಗೆ ಕಾಲಿಟ್ಟದ್ದೇ ತಡ, ನಮ್ಮಜ್ಜಿಯ ಮೂಗು ಅರಳಿತು.

"ಪೋ ಪೋ ಆಚೆಗೆ! ಪೌಡ್ರು ಘಮ್ ಅಂತೈತೆ. ಹುಳ ಸಾಯಿಸ್ತೀಯೇನೇ?"

ಹುಳಕ್ಕೆ ಅಂಥ ವಾಸನೆ ಆಗದು. ಬೀಡಿ ಸೇದಿ ಬಂದವರನ್ನೂ ಒಳಗೆ ಬಿಡುತ್ತಿರಲಿಲ್ಲ. ಹೀಗಾಗಿ ಇಡೀ ಮನೆಯಲ್ಲಿ ಕೆಲಸಕ್ಕೆ ಬಾರದವಳು ನಾನೊಬ್ಬಳೇ.

"ನೀನೇ ನೋಡ್ಕೊಂಡ್ ಬಂದು ಹೇಳಮ್ಮ" ಎಂದಳು ಅತ್ತೆ, ತಟ್ಟೆಯಿಂದ ಕಣ್ಣೆತ್ತದೆ.

ಟಿವಿ ಮುಂದೆ ಒಬ್ಬಳೇ ಕೂತೆ. ಕುಣಿತ, ಜಾಹೀರಾತು, ಮತ್ತೆ ಜಾಹೀರಾತು. ಕೊನೆಗೂ ದಕ್ಷಿಣದ ಹಾಡುಗಳ ಸರದಿ ಬಂತು. ನಮ್ಮ ಹಾಡೇ ಗೆದ್ದಿತು! ಗಾಯಕಿ ಮೆಟ್ಟಿಲು ಹತ್ತಿ, ಪ್ರಶಸ್ತಿಯನ್ನು ಎದೆಗೊತ್ತಿಕೊಂಡು ಅತ್ತರು. ಒಳ್ಳೆಯ ಹೆಂಗಸು, ಆ ಅಳು ಸುಳ್ಳಲ್ಲ. ಇಂಗ್ಲಿಷಿನಲ್ಲಿ ಅಮ್ಮನನ್ನು, ಗುರುಗಳನ್ನು, ನಿರ್ದೇಶಕರನ್ನು ನೆನೆದರು. ನಾನು ಅತ್ತೆಯ ಹೆಸರಿಗಾಗಿ ಕಾದೆ. ಅವರು 'ಥ್ಯಾಂಕ್ ಯೂ' ಎಂದು ಇಳಿದೇಬಿಟ್ಟರು.

ಹುಳದ ಮನೆಗೆ ಓಡಿ, ಹೊಸ್ತಿಲಾಚೆಯೇ ನಿಂತು "ಗೆದ್ವಿ ಅತ್ತೆ, ಗೆದ್ವಿ!" ಎಂದು ಕೂಗಿದೆ. ಅತ್ತೆ ಎದ್ದು ಬಾಗಿಲಿಗೆ ಬಂದಳು. ಅಂಗೈಯಲ್ಲಿ ನಾಲ್ಕೈದು ಹುಳ ತಲೆಯಾಡಿಸುತ್ತಿದ್ದವು.

"ನನ್ನ ಹೆಸರು ಹೇಳಿದ್ರಾ?"

ಆ ಮುಖ ನೋಡಿ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

"ಹೇಳಿದ್ರು. ಸಾದಲಿ ಮುನಿಲಕ್ಷ್ಮಮ್ಮ ಅಂತ."

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ನನಗಷ್ಟೇ ಕೇಳುವಂತೆ, "ಅವ್ರಿಗೆ ನನ್ನ ಹೆಸರು ಯಾರು ಕೊಟ್ರಮ್ಮ? ಬೆಂಗಳೂರಲ್ಲಿ ಹೆಸರು ಬರ್ಕೊಳಕ್ಕೆ ಬಂದಾಗ ಆರೂ ಜನ 'ಸಾದಲಿ ಭಜನೆಯವರು' ಅಂತ ಬರ್ಸಿದ್ವಿ. ಭಜನೇಲಿ ಒಬ್ಬೊಬ್ರ ಹೆಸರು ಹೇಳೋದು ಎಲ್ಲೈತೆ?" ಎಂದಳು.

ನಾಚಿಕೆಯಿಂದ ನನ್ನ ಮುಖದ ಪೌಡರೆಲ್ಲ ಬೆವರಿನಲ್ಲಿ ಕರಗಿ ಇಳಿಯಿತು. ಅತ್ತೆ ಬೈಯಲಿಲ್ಲ. ಕೈಯ ಹುಳಗಳನ್ನು ನೋಡುತ್ತ ನಿಂತಿದ್ದವಳು ಮೆಲ್ಲಗೆ ಕೇಳಿದಳು: "ಇನ್ನೊಂದ್ ಸಲ ಹೇಳು. ಹೆಂಗ್ ಹೇಳಿದ್ರು?"

"ಸಾದಲಿ ಮುನಿಲಕ್ಷ್ಮಮ್ಮ" ಎಂದೆ, ಈ ಸಲ ಜೋರಾಗಿ. ಒಳಗೆ ಕೈಸಹಾಯಕ್ಕೆ ಬಂದಿದ್ದ ಮೂಲೆ ಮನೆ ಅಜ್ಜಿ, ಅವಳೂ ಆ ಆರು ಜನರಲ್ಲಿ ಒಬ್ಬಳು, ಹುಳ ಆರಿಸುತ್ತಲೇ "ಪುಣ್ಯವಂತೆ ಕಣೇ ನೀನು" ಎಂದಳು. ಅತ್ತೆ ನಕ್ಕು ಒಳಗೆ ಹೋದಳು.

ಈಗ ಪ್ರಶಸ್ತಿ ಸಮಾರಂಭ ಫೋನಿನಲ್ಲೇ ಬರುತ್ತದೆ. ತಮಟೆ ಬಾರಿಸಿದವರ ಹೆಸರೂ ಹಾಡಿನ ಕೆಳಗಿರುತ್ತದೆ. ನಮ್ಮ ಹಾಡಿನ ಕೆಳಗೆ ಇವತ್ತಿಗೂ ಬರೀ 'ಕೋರಸ್' ಅಂತಿದೆ. ಹೋದ ವರ್ಷ ಅದರಡಿ ಕಾಮೆಂಟಿನಲ್ಲಿ ನಾನೇ ಆರೂ ಹೆಸರು ಬರೆಯೋಣವೆಂದು ಕೂತೆ. ಅತ್ತೆಯಾಗಲಿ, ಉಳಿದವರಾಗಲಿ ಈಗ ಯಾರೂ ಇಲ್ಲ. ಅತ್ತೆಯ ಹೆಸರು ಬರೆದ ಮೇಲೆ ಬೆರಳು ನಿಂತುಹೋಯಿತು. ಮೂಲೆ ಮನೆ ಅಜ್ಜಿ, ಗಿರಣಿಯವರಮ್ಮ, ಬಾವಿ ಬೀದಿ ದೊಡ್ಡಮ್ಮ. ಉಳಿದವರನ್ನು ಊರು ಕರೆಯುತ್ತಿದ್ದ ಇಂಥ ಹೆಸರುಗಳಷ್ಟೇ ನನಗೆ ಗೊತ್ತಿದ್ದದ್ದು. ಊರಲ್ಲಿ ವಿಚಾರಿಸಿದೆ. ಮೂವರ ನಿಜವಾದ ಹೆಸರು ಸಿಕ್ಕಿತು. ಇಬ್ಬರ ಹೆಸರು ಅವರ ಮೊಮ್ಮಕ್ಕಳಿಗೂ ತಿಳಿಯದು. ಆವತ್ತು ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಹೇಗಿದ್ದರೂ ಸುಳ್ಳೇ. ಆ ಸುಳ್ಳಿನಲ್ಲಿ ಆರೂ ಜನರ ಹೆಸರನ್ನು ಆಗಲೇ ಕೇಳಿ ತಿಳಿದು ಸೇರಿಸಬಹುದಿತ್ತು.